ರಾಜಹಂಸ ತಲೆಕೆಳಗಾಗಿ ಉಂಡದ್ದು

ಲೋಕ ಇನ್ನೂ ಹೊಸದಾಗಿತ್ತು. ಎಲ್ಲಿ ಕೂರಬೇಕೆಂದು ಬೆಟ್ಟಗಳು ಇನ್ನೂ ಜಾಗ ಹುಡುಕುತ್ತಿದ್ದವು. ಆಗ ದೊಡ್ಡ ರಾಜಹಂಸಗಳ ಮೈಮೇಲೆ ಒಂದು ಚುಕ್ಕೆ ಕೆಂಪೂ ಇರಲಿಲ್ಲ. ಹಾಲಿನ ಕೆನೆಯ ಹಾಗೆ ಬೆಳ್ಳಗಿದ್ದವು.

ಅವುಗಳಲ್ಲಿ ಧವಳಿ ಅಂತ ಒಬ್ಬಳಿದ್ದಳು. ಹಾರುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಅದು ಅವಳಿಗೂ ಚೆನ್ನಾಗಿ ಗೊತ್ತಿತ್ತು, ಅದೇ ತಾಪತ್ರಯ.

ಒಂದು ಬೇಸಿಗೆ ಅವರ ಕೆರೆ ಬತ್ತಿತು. ಬೇರೆ ಮರಿಗಳು ಹೇಗೋ ತಡೆದುಕೊಂಡವು. ಧವಳಿಯ ಬೂದು ಮರಿ ಪುಟ್ಟಾಣಿ ಮೊಟ್ಟೆಯೊಡೆದದ್ದೇ ತಡವಾಗಿ, ಅದು ಮಾತ್ರ ಹಸಿವಿಗೆ ಕುಸಿಯಿತು.

"ನಾಳೆ ಸಂಜೆಯೊಳಗೆ ಗುಟುಕು ತರ್ತೀನಿ ಮಗು, ಕಣ್ಣು ಮುಚ್ಚಬೇಡ" ಎಂದು ಧವಳಿ ಹಾರಿದಳು.

ಹಗಲಿಡೀ ಹಾರಿದಳು, ಒಂದು ಕಡೆಯೂ ಇಳಿಯದೆ. ಸಂಜೆಗೆ ಒಂದು ಉಪ್ಪುನೀರಿನ ಕೆರೆ ಸಿಕ್ಕಿತು. ಇಳಿದಾಗ ರೆಕ್ಕೆಯೊಳಗೆ ಕೆಂಡ ಇಟ್ಟ ಹಾಗೆ ಉರಿ.

"ಗಾಳಿಯಣ್ಣ, ಇದೇನು ಮೈಯೆಲ್ಲ ಸುಡ್ತಿದೆ?"

ಗಾಳಿ ತಲೆ ತಗ್ಗಿಸಿತು. "ನಂದೇ ತಪ್ಪಮ್ಮ. ಉಸಿರಾಗಿ ನಿನ್ನೊಳಗೆ ಹೋಗೋನು ನಾನೇ ಅಲ್ವಾ? ನೀನು ಹಾರಿದಷ್ಟೂ ಒಳಗೆ ಕಿಡಿ ಹಾರಿಸ್ತೀನಿ. ಬೇಕಂತ ಅಲ್ಲ."

ದಡದಲ್ಲಿ ಕೆರೆಯ ಪಾಚಿಗೆಲ್ಲ ಹಿರಿಯಳಾದ ಪಾಚಜ್ಜಿ ಕೂತಿದ್ದಳು, ಮೈಯೆಲ್ಲ ಲೋಳೆ ಲೋಳೆ.

"ಬಾ ತಾಯಿ. ಊಟ ಆಯ್ತಾ? ಬಿಸಿಲಲ್ಲಿ ಕೂತೂ ಕೂತೂ ಸುಡದೆ ಇರೋದು ಕಲ್ತಿದ್ದೀನಿ ನಾನು. ನನ್ನೊಳಗಿನ ಕೆಂಪು ಒಂದು ತುತ್ತು ತಿನ್ನು, ಕಿಡಿ ಆರುತ್ತೆ."

ಈ ಲೋಳೆ ತಿನ್ನುವುದೇ? ಧವಳಿಗೆ ಅಸಹ್ಯವಾಯಿತು. ಬೇಡ ಎಂದರೂ ಚೆನ್ನಾಗಿರುವುದಿಲ್ಲ. ನಾವೆಲ್ಲ ಹೇಳುವ ಸುಳ್ಳನ್ನೇ ಅವಳೂ ಹೇಳಿದಳು.

"ಊಟ ಆಯ್ತಜ್ಜಿ. ಈಗಷ್ಟೇ."

ಹೊಟ್ಟೆ ಗುರ್ ಎಂದಿತು. ಅಜ್ಜಿಗೆ ಕೇಳಿಸಿತು.

ಬೆಳಗ್ಗೆ ಧವಳಿ ಹಾರಲು ರೆಕ್ಕೆ ಬಿಚ್ಚಿದಳು, ಉರಿ ತಾಳದೆ ದೊಪ್ಪೆಂದು ಬಿದ್ದಳು.

"ಊಟ ಆಯ್ತಾ ತಾಯಿ?"

"ಆಯ್ತಜ್ಜಿ."

ಮಧ್ಯಾಹ್ನವೂ ಬಿದ್ದಳು. ಅದೇ ಪ್ರಶ್ನೆ, ಅದೇ ಉತ್ತರ. ಒಂದು ಸಲ ಆಯ್ತು ಅಂದ ಮೇಲೆ ಇಲ್ಲ ಅನ್ನಲು ನಾಲಿಗೆ ಹೊರಳಬೇಕಲ್ಲ! ಸಂಜೆಯೂ ಆಯಿತು. ಮಗುವಿಗೆ ಕೊಟ್ಟ ಮಾತಿನ ಹೊತ್ತು ಮೀರಿತು.

ಮಾರನೆಯ ಬೆಳಗ್ಗೆ ಪುಟ್ಟಾಣಿಯ ಮುಖ ಕಣ್ಣ ಮುಂದೆ ಬಂತು. ಧವಳಿ ತಡೆಯಲಾರದೆ ಕೊಕ್ಕನ್ನು ನೀರಿನ ಪಾಚಿಗಿಟ್ಟಳು. ಅಜ್ಜಿ ನೋಡಿಬಿಟ್ಟರೆ? ಗುರುತು ಸಿಗದಿರಲಿ ಎಂದು ತಲೆಯನ್ನು ತಿರುವಿ ಕೆಳಗು ಮೇಲು ಮಾಡಿಕೊಂಡಳು. ಇಡೀ ಕೆರೆಗೆ ಅವಳೊಬ್ಬಳೇ ಹಕ್ಕಿ!

ಪಾಚಜ್ಜಿ ಪಾಪ, ಆ ಕಡೆ ತಿರುಗಿ ಕೂತಳು.

ತಿಂದ ಹಾಗೆಲ್ಲ ಉರಿ ಇಳಿಯಿತು. ಧವಳಿ ಗಂಟಲ ತುಂಬ ಗುಟುಕು ತುಂಬಿಕೊಂಡು ಮನೆ ಕಡೆ ಹಾರಿದಳು.

ಪುಟ್ಟಾಣಿ ಕಣ್ಣು ಮುಚ್ಚಿ ಬಿದ್ದಿತ್ತು. ಗುಟುಕಿನ ಮೇಲೆ ಗುಟುಕು ಕೊಟ್ಟ ಮೇಲೆ ರೆಪ್ಪೆ ಅಲ್ಲಾಡಿತು. ಧವಳಿಗೆ ಹೋದ ಜೀವ ಬಂದಂತಾಯಿತು.

"ಎಷ್ಟು ರುಚಿ ಅಮ್ಮ! ಅಲ್ಲಿ ತುಂಬಾ ಇತ್ತಾ?"

"ಇತ್ತು ಮಗು. ಕೆರೆ ತುಂಬ."

"ಮತ್ತೆ ನಿನ್ನೆ ಯಾಕೆ ಬರ್ಲಿಲ್ಲ?"

ಧವಳಿ ಕತ್ತು ತಗ್ಗಿಸಿದಳು. ನಾಚಿಕೆ ಕತ್ತಿನಿಂದಿಳಿದು ರೆಕ್ಕೆಗೆಲ್ಲ ಹರಡಿತು. ತಿಂದ ಕೆಂಪೆಲ್ಲ ಗರಿಗರಿಯಲ್ಲೂ ಎದ್ದು ಕಂಡಿತು. ಬಳಗವೆಲ್ಲ ನೋಡುತ್ತಿತ್ತು.

"ಹಸಿದಿದ್ದೆ ಮಗು. ಊಟ ಆಯ್ತು ಅಂತ ಸುಳ್ಳು ಹೇಳ್ದೆ. ಅದಕ್ಕೇ ತಡ ಆಯ್ತು" ಎಂದಳು ಮೆಲ್ಲಗೆ.

ಮರಿಗಳ ರೆಕ್ಕೆ ಬಲಿತ ಮೇಲೆ ಬಳಗವೆಲ್ಲ ಆ ಕೆರೆಗೆ ಹೋಯಿತು. ಧವಳಿ ಅಭ್ಯಾಸದಂತೆ ತಲೆ ತಿರುವಿಕೊಂಡು ತಿಂದಳು. ಅಲ್ಲಿನ ಮರ್ಯಾದೆಯೇ ಹೀಗೆ ಎಂದುಕೊಂಡು ಉಳಿದವರೂ ಹಾಗೇ ತಿಂದರು, ಕೆಂಪಾದರು. ಅದು ಮರ್ಯಾದೆಯಲ್ಲ ಎಂದು ಹೇಳಲು ಧವಳಿಗೆ ಮತ್ತೆ ನಾಚಿಕೆ.

ಅದಕ್ಕೇ ನೋಡು, ನಾಚುವಂಥದ್ದೇನೂ ಮಾಡದ ರಾಜಹಂಸದ ಮರಿ ಇವತ್ತಿಗೂ ಬೂದು ಬಣ್ಣದಲ್ಲೇ ಹುಟ್ಟುತ್ತದೆ, ಅದರ ಪಕ್ಕದಲ್ಲಿ ಅಮ್ಮ ಮಾತ್ರ ಕೆಂಪಗೆ ನಿಂತು, ತಲೆಕೆಳಗಾಗಿ ಉಣ್ಣುತ್ತಾಳೆ.