ಟೊಮೆಟೊ ಬೀಜದ ಲೋಳೆ ಅಂಗಿ

ಆಗ ಭೂಮಿ ಇನ್ನೂ ಹೊಸದು. ಬೆಟ್ಟಗಳು ಎಲ್ಲಿ ಕೂರೋಣವೆಂದು ಜಾಗ ಹುಡುಕುತ್ತಿದ್ದವು. ಹೊಳೆಗೆ ತನ್ನ ದಾರಿ ಸರಿಯಾಗಿ ಗೊತ್ತಿರಲಿಲ್ಲ. ಲೋಕಕ್ಕೆಲ್ಲ ಇದ್ದದ್ದು ಒಂದೇ ಅಂಗಡಿ. ಹೊಂಗೆಮರದ ಕೆಳಗೆ ಗೋಣಿತಾಟು ಹಾಸಿಕೊಂಡು ಕೆಂಪಾಜಮ್ಮ ಅಲ್ಲಿ ತರಕಾರಿ ಮಾರುತ್ತಿದ್ದಳು.

ಕೆಂಪಾಜಮ್ಮನಿಗೆ ಎಲ್ಲವೂ ಚೊಕ್ಕವಾಗಿರಬೇಕು. ಎದ್ದರೆ ಪೊರಕೆ, ಮಲಗುವ ಮುಂಚೆ ಮತ್ತೆ ಪೊರಕೆ. ಬೂಷ್ಟು ಬಂದು ಬುಟ್ಟಿಯ ಮೂಲೆಯಲ್ಲಿ ಕೂತಿತೋ, "ಥೂ, ನಾತದ ಮೂತೀದೇ, ನಡಿ ಆಚೆಗೆ!" ಎಂದು ಅಟ್ಟುತ್ತಿದ್ದಳು. ಬೂಷ್ಟು ಮುಖ ಸಣ್ಣದು ಮಾಡಿಕೊಂಡು ಹೋಗುತ್ತಿತ್ತು. ಮಾರನೆಯ ದಿನ ಮತ್ತೆ ಬರುತ್ತಿತ್ತು. ಅದಕ್ಕೂ ಹೋಗಲು ಬೇರೆ ಅಂಗಡಿ ಇರಲಿಲ್ಲವಲ್ಲ!

ಆ ಕಾಲದಲ್ಲಿ ಟೊಮೆಟೊ ಬೀಜಕ್ಕೆ ಅಂಗಿ ಇರಲಿಲ್ಲ. ಹಣ್ಣಿನ ರಸ ಮೈಗೆ ತಾಕಿದ ಕೂಡಲೇ ಬೀಜಗಳು "ಮಳೆ ಬಂತು, ಏಳ್ರೋ!" ಎಂದು ಹೊಟ್ಟೆಯೊಳಗೇ ಮೊಳೆತುಬಿಡುತ್ತಿದ್ದವು. ಅಲ್ಲಿ ಮಣ್ಣೆಲ್ಲಿ, ಬಿಸಿಲೆಲ್ಲಿ? ಮೊಳೆತಲ್ಲೇ ಸಾಯುತ್ತಿದ್ದವು. ಕೊಳ್ಳಲು ಬಂದವರು ಬಿಳಿ ಎಳೆಗಳನ್ನು ಕಂಡು, "ಹುಳ ಬಿದ್ದದೆ ಕಣಮ್ಮ" ಎಂದು ಬದನೆಕಾಯಿ ಕೊಂಡು ಹೋಗುತ್ತಿದ್ದರು.

ಹೀಗೇ ಆಗಿ ಆಗಿ, ಒಂದು ಬೇಸಿಗೆಯಲ್ಲಿ ಲೋಕದಲ್ಲಿ ಉಳಿದದ್ದು ಒಂದೇ ಟೊಮೆಟೊ. ಅದು ಕೆಂಪಾಜಮ್ಮನ ಬುಟ್ಟಿಯಲ್ಲಿತ್ತು.

"ಅಕ್ಕಾ, ಹೊಟ್ಟೇಲಿ ಮಕ್ಳು ಮಿಸುಕಾಡ್ತಾ ಅವೆ. ಎದ್ವು ಅಂದ್ರೆ ನಮ್ಮ ವಂಸ ಇಲ್ಗೇ ಮುಗೀತದೆ" ಎಂದು ಅದು ಅತ್ತಿತು.

ಕೆಂಪಾಜಮ್ಮ ಅದನ್ನು ಅಂಗೈಯಲ್ಲಿ ಎತ್ತಿಕೊಂಡಳು. ಆದರೆ ನೆಲ ಕಾದ ಹೆಂಚಾಗಿತ್ತು. ಈಗ ಬಿತ್ತಿದರೆ ಮಕ್ಕಳು ಸುಟ್ಟುಹೋಗುತ್ತವೆ. "ಮಳೆ ಬರೋಗಂಟ ಇವನ್ನ ಮಲಗಿಸೋರು ಯಾರಪ್ಪಾ?" ಎಂದು ಕೂಗಿದಳು.

ಸೊಪ್ಪಿನ ಕಟ್ಟಿನ ಅಡಿಯಿಂದ ಬಸವನಹುಳು ತಲೆ ಹೊರಹಾಕಿತು. "ನಾನು ಬೇಸ್ಗೆ ಎಲ್ಲಾ ಲೋಳೆ ಹೊದ್ಕೊಂಡೇ ಮಲಗೋದು. ಅವಕ್ಕೂ ಒಂದೊಂದು ಅಂಗಿ ಮಾಡ್ಕೊಡ್ತೀನಿ ಬುಡು."

ತೊಟ್ಟಿನ ಸಂದಿಯಿಂದ ಲೋಳೆ ಇಳಿಸಿ, ಒಂದೊಂದು ಬೀಜಕ್ಕೂ ತಣ್ಣನೆಯ ಅಂಗಿ ತೊಡಿಸಿತು. ಮಕ್ಕಳು ಆಕಳಿಸಿ ಮಲಗಿದವು. ಟೊಮೆಟೊ ಅಳು ನಿಲ್ಲಿಸಿತು.

ಮಳೆ ಬಂತು. ಕೆಂಪಾಜಮ್ಮ ಹಣ್ಣು ಹಿಂಡಿ ಅರ್ಧ ಬೀಜ ಬಿತ್ತಿದಳು. ಉಳಿದರ್ಧವನ್ನು ಮುಂದಕ್ಕಿರಲಿ ಎಂದು ರಸದ ಸಮೇತ ಕುಡಿಕೆಯಲ್ಲಿಟ್ಟಳು.

ಬಿತ್ತಿದವು ಏಳಲಿಲ್ಲ. ಮಳೆ ಬಾಗಿಲು ತಟ್ಟಿತು, ಏಳಲಿಲ್ಲ. ಗಾಳಿ ಕಿವಿಯಲ್ಲಿ ಕೂಗಿತು, ಏಳಲಿಲ್ಲ. ಹೊಳೆ ಬಂದು ಅಂಗಿ ತೊಳೆದು ತೆಗೆಯುತ್ತೇನೆಂದಿತು. ಬೀಜಗಳು ಅದರ ಕೈಯಿಂದ ಜಾರಿ ಎಲ್ಲೋ ಹೋಗಿಬಿಟ್ಟವು.

"ತೊಡಿಸೋದು ಕಲ್ತಿವ್ನಿ, ಬಿಚ್ಚೋದು ನಮ್ಮಪ್ಪನೂ ಹೇಳ್ಕೊಟ್ಟಿಲ್ಲ" ಎಂದು ಬಸವನಹುಳು ಚಿಪ್ಪಿನೊಳಗೆ ಸೇರಿಕೊಂಡಿತು.

ಕೆಂಪಾಜಮ್ಮ ತಲೆ ಮೇಲೆ ಕೈ ಹೊತ್ತು ಕೂತಳು. ಇನ್ನು ಉಳಿದದ್ದು ಕುಡಿಕೆಯಲ್ಲಿದ್ದಷ್ಟೇ. ದುಃಖದಲ್ಲಿ ಅವಳಿಗೆ ಪೊರಕೆಯೂ ಮರೆತುಹೋಯಿತು.

ಗಬ್ಬುನಾತ ಮೂಗಿಗೆ ಬಡಿದಾಗಲೇ ಎಚ್ಚರ. ನೋಡಿದರೆ, ಕುಡಿಕೆಯ ಮೇಲೆ ಬೂಷ್ಟು ಬಿಳಿ ಕಂಬಳಿ ಹೊದ್ದು ಕೂತಿದೆ! "ಇದ್ದಿದ್ನೂ ಹಾಳು ಮಾಡ್ದೆಯಲ್ಲೋ!" ಎಂದು ಚೆಲ್ಲಲು ಕುಡಿಕೆ ಎತ್ತಿದಳು.

"ಚೆಲ್ಬುಟ್ಟೀಯೆ ಕೆಂಪಾಜಕ್ಕ, ತಳ ನೋಡು" ಎಂದಿತು ಬೂಷ್ಟು.

ಬಗ್ಗಿ ನೋಡಿದಳು. ತಳದಲ್ಲಿ ಒಂದು ಬೀಜ ಬರಿಮೈಯಲ್ಲಿ ಮಲಗಿತ್ತು. ಲೋಳೆ ಅಂಗಿ ಇರಲಿಲ್ಲ.

"ಆ ಅಂಗಿ ನಂಗೆ ಹಬ್ಬದೂಟ. ಎಲ್ಲಾರ್ದೂ ತಿಂದು ಬಿಚ್ಚಿಕೊಡ್ತೀನಿ. ಆದ್ರೆ ಕೆಲ್ಸ ಮುಗಿಯೋಗಂಟ ನನ್ನ ಅಟ್ಟಬಾರ್ದು. ಮುಗುದ್ಮೇಲೆ ಇರಾಕೂ ಬುಡಬಾರ್ದು. ಅಂಗಿ ಯಾವ್ದು, ಮಗ ಯಾವ್ದು ಅಂತ ನಂಗೆ ತಿಳಿಯಾಕಿಲ್ಲ, ಮಕ್ಳನ್ನೂ ತಿಂದ್ಬುಡ್ತೀನಿ."

ಕಾರ್ಯವಾಸಿ ಕತ್ತೆ ಕಾಲು. ಈಗಷ್ಟೇ ಬೈದ ಬಾಯಲ್ಲೇ ಕೆಂಪಾಜಮ್ಮ, "ಆಗ್ಲಿ ಬೂಷ್ಟಪ್ಪ. ಆದ್ರೆ ನಿನ್ನ ನಾತ ತಡೆಯಾಕಾಗಕಿಲ್ವಲ್ಲ" ಎಂದಳು.

"ಮೂಗು ಮುಚ್ಕೊ, ನಂಗೇನೂ ಬೇಜಾರಿಲ್ಲ. ಚೆಲ್ಬ್ಯಾಡ ಅಷ್ಟೇ."

ಕೆಂಪಾಜಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಕುಡಿಕೆ ಕಾದಳು. ಕೈ ಪೊರಕೆಯ ಕಡೆ ಹೋಗುತ್ತಿತ್ತು, ಎಳೆದುಕೊಳ್ಳುತ್ತಿದ್ದಳು. ಕೊಳ್ಳಲು ಬಂದವರು, "ಏನಮ್ಮ ಸತ್ತದೆ ಇಲ್ಲಿ?" ಎಂದು ದೂರವೇ ನಿಂತರು. "ಸತ್ತಿಲ್ಲ, ಹುಟ್ತಾ ಅದೆ. ಸೊಪ್ಪು ಬೇಕಾ, ಬ್ಯಾಡ್ವಾ?" ಎಂದು ಗದರಿದಳು.

ಬೀಜಗಳೆಲ್ಲ ಅಂಗಿ ಕಳಚಿ ತಳಕ್ಕಿಳಿದ ಕೂಡಲೇ ನೀರು ಹುಯ್ದಳು. ಜೊಳ್ಳು ತೇಲಿತು. ಬೂಷ್ಟು ನೊರೆಯ ಜೊತೆ, "ಬರ್ತೀನಕ್ಕ" ಎಂದು ಹೊರಟಿತು. "ಹೋಗ್ಬುಟ್ಟು ಬಾರಪ್ಪ" ಎಂದಳು ಕೆಂಪಾಜಮ್ಮ. ಅದನ್ನು ಬಾ ಎಂದದ್ದು ಅದೇ ಮೊದಲು.

ಬೀಜಗಳನ್ನು ಮುತ್ತುಗದ ಎಲೆಯ ಮೇಲೆ ಒಣಗಿಸಿ, ಒಂದು ಹದ ಮಳೆ ನೋಡಿ ಬಿತ್ತಿದಳು. ಬೀಜಗಳು ಎದ್ದವು! ಎರಡೆರಡು ಎಲೆ ಬಿಟ್ಟುಕೊಂಡು ಮಣ್ಣಿನ ಮೇಲೆ ನಿಂತವು. ಕೆಂಪಾಜಮ್ಮ ಮೂಗು ಮುಚ್ಚಿದ್ದ ಸೆರಗಿನಲ್ಲೇ ಕಣ್ಣೊರೆಸಿಕೊಂಡಳು. ಆ ಗಿಡಗಳ ಹಣ್ಣಿನಲ್ಲಿ ಬೀಜಗಳು ಹುಟ್ಟುವಾಗಲೇ ಲೋಳೆ ಅಂಗಿ ತೊಟ್ಟುಕೊಂಡು ಬಂದವು.

ಅದಕ್ಕೇ ಕೂಸೇ, ಅಂಗಡಿಯಿಂದ ತಂದ ನಾಟಿ ಟೊಮೆಟೊ ಹೆಚ್ಚಿದರೆ ಇವತ್ತಿಗೂ ಬೀಜ ಲೋಳೆ ಅಂಗಿ ತೊಟ್ಟು ಬೆರಳಿಂದ ಜಾರುತ್ತದೆ. ಆ ಬೀಜ ಹಾಕಿಟ್ಟ ಲೋಟದ ಮೇಲೆ ಬೂಷ್ಟು ಬಂದು ಕೂತರೆ, ನಿನ್ನಜ್ಜಿ ಮೂಗು ಮುಚ್ಚಿಕೊಳ್ಳುತ್ತಾಳೆ, ಚೆಲ್ಲುವುದಿಲ್ಲ.