ಕುಂಬಾರನ ಮಗಳು ಇಳಿಸಿದ ಹೊರೆ

"ಮದರ್, ಹತ್ತು ನಿಮಿಷ ಒಂದೆಡೆ ಮನಸ್ಸು ನಿಲ್ಲದ ಹುಡುಗಿಯನ್ನು ಮೂರು ಗಂಟೆಯ ಪ್ರವೇಶ ಪರೀಕ್ಷೆಗೆ ಕೂರಿಸುವುದು ಸರಿಯೇ?"

ಕೇಳಿದವಳು ಯುವ ಶಿಕ್ಷಕಿ ಲವೀನಾ. ಕೇಳಿಸಿಕೊಂಡವರು ಅವಳಿಗೆ ಅಕ್ಷರ ಕಲಿಸಿದ ಮದರ್ ಬೆನೆಡಿಕ್ಟಾ. ಶರ್ಮಿಳಾ ಎಂಬ ಆ ವಿದ್ಯಾರ್ಥಿನಿಗೆ ಕಾಲೇಜು ಸೇರುವ ಆಸೆ ಬಹಳ. ಬುದ್ಧಿಗೆ ಕೊರತೆಯಿಲ್ಲ, ಆದರೆ ಪುಸ್ತಕ ತೆರೆದರೆ ಗಮನ ಕಿಟಕಿಯಾಚೆ ಹೋಗುತ್ತದೆ. ಅರ್ಜಿ ಹಾಕಲೋ ಬೇಡವೋ ಎಂದು ಕೇಳಲು ಅವಳ ತಂದೆ ಮರುದಿನ ಬರುವವರಿದ್ದರು. ಬೇಡವೆಂದು ಹೇಳಿಬಿಡುವುದೇ ದಯೆ ಎಂದು ಲವೀನಾ ಆಗಲೇ ತೀರ್ಮಾನಿಸಿದ್ದಳು. ಮದರ್ ಹೂಂ ಎಂದರೆ ಸಾಕಿತ್ತು.

ಮದರ್ ಹೂಂ ಎನ್ನಲಿಲ್ಲ. "ನೆಟ್ಟಗೆ ಕುಳಿತುಕೋ" ಎಂದು ಹೇಳಿ ಕತೆ ತೆಗೆದರು.

ಪಟ್ಟಣದ ವರ್ತಕನೊಬ್ಬನಿಗೆ ಮಡಕೆ ಹೊರುವವರು ಬೇಕಾಗಿದ್ದರು. ತುಂಬಿದ ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು, ಒಂದು ಮಡಕೆಯೂ ಒಡೆಯದಂತೆ, ಸೂರ್ಯ ಮುಳುಗುವುದರೊಳಗೆ ಅವನ ಅಂಗಡಿ ಮುಟ್ಟಿದವರಿಗೆ ಕೆಲಸ.

ಒಬ್ಬ ಕುಂಬಾರನ ಮಗಳಿಗೆ ಆ ಕೆಲಸದ ಮೇಲೆ ಆಸೆಯಾಯಿತು. ಅವಳ ಕತ್ತಿನಲ್ಲಿ ಬಲವಿತ್ತು, ಸ್ಥಿರತೆಯಿರಲಿಲ್ಲ. ಹಕ್ಕಿ ಕೂಗಿದರೆ ತಲೆ ಅತ್ತ ತಿರುಗುತ್ತಿತ್ತು. ತಲೆ ತಿರುಗಿದರೆ ಬುಟ್ಟಿ ವಾಲುತ್ತಿತ್ತು.

ದಾರಿಯಲ್ಲಿ ಅಲ್ಲಲ್ಲಿ ತಲೆಯೆತ್ತರದ ಹೊರೆಗಲ್ಲುಗಳಿದ್ದವು. ಯಾರ ನೆರವೂ ಇಲ್ಲದೆ ಹೊರೆಯನ್ನು ಅದರ ಮೇಲೆ ಜಾರಿಸಿ ದಣಿವಾರಿಸಿಕೊಳ್ಳಬಹುದು. ಆದರೆ ಕುಂಬಾರನಿಗೆ ಮನೆತನದ ಅಭಿಮಾನ ದೊಡ್ಡದು. "ನಮ್ಮವರು ಯಾರೂ ನಡುದಾರಿಯಲ್ಲಿ ಹೊರೆ ಇಳಿಸಿದವರಲ್ಲ. ಆಚೀಚೆ ನೋಡದೆ ನಡಿ" ಎಂದು ಗದರಿಸಿ ಅಭ್ಯಾಸ ಮಾಡಿಸಿದ. ದಿನವೂ ಮಡಕೆ ಒಡೆದವು. ಮಗಳು ದಿನವೂ ಅತ್ತಳು.

ಒಂದು ದಿನ ಅವನು ಬೈಯದೆ ಅವಳ ಹಿಂದೆ ನಡೆದ. ಆಲದ ಮರದವರೆಗೆ ಅವಳ ಕತ್ತು ಅಲುಗಲಿಲ್ಲ. ಮರ ದಾಟಿದ ಮೇಲೆ ಅಲುಗಿತು. ಕುಂಬಾರ ಮನೆಗೆ ಹೋಗಿ ಹಾರೆ ತಂದ. ಮರದ ಬುಡದಲ್ಲಿ ಹೊಸ ಕಲ್ಲು ನಿಲ್ಲಿಸಿದ. ಅವಳು ಅಲ್ಲಿ ಹೊರೆ ಇಳಿಸಿ, ಕಣ್ಣು ತಣಿಯುವಷ್ಟು ಸುತ್ತ ನೋಡಿ, ಮತ್ತೆ ಹೊತ್ತು ನಡೆದಳು. ತಾನು ಎಷ್ಟು ದೂರ ತಡೆಯಬಲ್ಲೆನೆಂಬ ಅಳತೆ ಅವಳಿಗೆ ಸಿಕ್ಕಿತು.

ವರ್ತಕನ ಪರೀಕ್ಷೆಯ ದಿನ ಕಲ್ಲು ಸಿಕ್ಕಲ್ಲಿ ಕಲ್ಲಿಗೆ, ಇಲ್ಲದಲ್ಲಿ ಗೋಡೆಗೆ ಹೊರೆ ಕೊಟ್ಟಳು. ಜೊತೆಯವರು ನಕ್ಕರು. "ಏನವ್ವಾ, ದಾರಿಯ ಕಲ್ಲಿಗೆಲ್ಲ ಹರಕೆ ಹೊತ್ತಿದ್ದೀಯಾ?"

"ಹೌದಣ್ಣ. ನಿಮ್ಮ ಮಡಕೆಗಳಿಗೂ ಸೇರಿಸಿ ಹೊತ್ತುಕೊಳ್ಳಲೇ?"

ಅವಳು ಎಲ್ಲರಿಗಿಂತ ಕೊನೆಗೆ ಬಂದಳು. ಬಿಸಿಲು ಇನ್ನೂ ಅಂಗಡಿಯ ಮಾಡಿನ ಮೇಲಿತ್ತು. ವರ್ತಕ ಮಡಕೆಗಳನ್ನು ಒಂದೊಂದಾಗಿ ತಟ್ಟಿ ನೋಡಿದ. ಒಂದರಲ್ಲೂ ಬಿರುಕಿರಲಿಲ್ಲ. "ನಾಳೆಯಿಂದ ಬಾ" ಎಂದ.

ಮದರ್ ಕತೆ ನಿಲ್ಲಿಸಿದರು. ಲವೀನಾಗೆ ಸಮಾಧಾನವಾಗಲಿಲ್ಲ.

"ಆದರೆ ಮದರ್, ಅವಳು ಹೊರಬಲ್ಲಳೆಂದು ಕುಂಬಾರನಿಗೆ ಮೊದಲೇ ಗೊತ್ತಿತ್ತೇ? ಶರ್ಮಿಳಾಳ ವಿಷಯದಲ್ಲಿ ನನಗೆ ಆ ಭರವಸೆಯೇ ಇಲ್ಲ."

"ಅವನಿಗೂ ಇರಲಿಲ್ಲ. ನೀನು ಅವಳ ಹಿಂದೆ ಎಲ್ಲಿಯವರೆಗೆ ನಡೆದು ನೋಡಿದ್ದೀಯೆ, ಲವೀನಾ?"

ಮರುದಿನ ತಂದೆ ಬರುವ ಮೊದಲೇ ಲವೀನಾ ಶರ್ಮಿಳಾಳ ಮುಂದೆ ಪುಸ್ತಕ ತೆರೆದಿಟ್ಟು, ಗಡಿಯಾರ ನೋಡುತ್ತ ಅವಳ ಪಕ್ಕ ಕುಳಿತಳು.