ಬೋರಲಿಂಗನ ಗಟ್ಟಿಮೇಳ

ಒಂದೂರಲ್ಲಿ ಒಬ್ಬಳು ಅವ್ವ, ಅವಳಿಗೊಬ್ಬ ಮಗ. ಅವ್ವನ ಹೆಸರು ಪುಟ್ಟಗೌರಮ್ಮ. ಕಲ್ಯಾಣ ಮಂಟಪದ ಅಡುಗೆಮನೆಯಲ್ಲಿ ಅವಳು ಒಗ್ಗರಣೆ ಹಾಕಿದರೆ ಬಸ್‌ಸ್ಟ್ಯಾಂಡಿನಲ್ಲಿ ನಿಂತವರು ಸೀನುತ್ತಿದ್ದರು. ಮಗ ಬೋರಲಿಂಗ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು.

"ನಾನು ಕಣ್ಣು ಮುಚ್ಚಿದ ಮೇಲೆ ಇವನಿಗೆ ಯಾರು ಅನ್ನ ಹಾಕ್ತಾರೆ?" ಅಂತ ಅವ್ವ ಅತ್ತೂ ಕರೆದೂ ಮಂಟಪದ ಯಜಮಾನ ಮರಿದೇವಪ್ಪನ ಕಾಲು ಹಿಡಿದು, ಮಗನನ್ನು ಕಂಪ್ಯೂಟರಿನ ಮುಂದೆ ಕೂರಿಸಿದಳು. ಹಾಡು, ಓಲಗ, ತಮಟೆ, ಎಲ್ಲ ಆ ಮಂಟಪದಲ್ಲಿ ಕಂಪ್ಯೂಟರಿನಿಂದಲೇ.

"ಹಾಡು ಹಾಕು. ಜೋರಾಗಿ ಹಾಕು," ಅಂದ ಮರಿದೇವಪ್ಪ.

ಹಾಕಿದ. ಜೋರಾಗಿ ಹಾಕಿದ. ಅವತ್ತು ನಾಮಕರಣ. ಅಜ್ಜ ಮೈಕ್ ಹಿಡಿದು ಮಗುವಿನ ಹೆಸರು ಹೇಳಿದ. ಹಾಡಿನ ಅಬ್ಬರದಲ್ಲಿ ಯಾರಿಗೂ ಕೇಳಲಿಲ್ಲ. ಇವತ್ತಿಗೂ ಆ ಮಗುವನ್ನು ಅರ್ಧ ಊರು ಸೋಮು ಅನ್ನುತ್ತೆ, ಇನ್ನರ್ಧ ಊರು ಭಾಮಾ ಅನ್ನುತ್ತೆ. ಸುಳ್ಳಾದರೆ ಹೋಗಿ ಕೇಳಿ.

"ಅಯ್ಯೋ ನನ್ನ ಕರ್ಮವೇ!" ಅಂದಳು ಅವ್ವ. "ಮೈಕಲ್ಲಿ ಮಾತಾಡಿದರೆ ಹಾಡು ತಗ್ಗಿಸಬೇಕು ಕಣೋ! ಮಾತು ನಿಂತರೆ ಏರಿಸಬೇಕು!"

"ಹಂಗೇ ಆಗಲಿ ಕಣವ್ವ."

ಮುಂದಿನ ವಾರ ಹೆಡ್‌ಮಾಸ್ತರ ಬೀಳ್ಕೊಡುಗೆ. ಮೇಷ್ಟ್ರು ಮೈಕ್ ಹಿಡಿದು, "ನನ್ನ ಹೆಂಡತಿ ತೀರಿಕೊಂಡ ದಿನ..." ಅಂದವರು ಮಾತು ನಿಲ್ಲಿಸಿ ಕಣ್ಣೊರೆಸಿಕೊಂಡರು. ಮಾತು ನಿಂತಿತಲ್ಲ! ಬೋರಲಿಂಗ ಏರಿಸಿದ. ತಮಟೆ! ಡಂಕಣಕ ಡಂಕಣಕ! "ಅವತ್ತೇ ನಾನು..." ತಗ್ಗಿಸಿದ. ಮೇಷ್ಟ್ರು ಬಿಕ್ಕಿದರು. ಡಂಕಣಕ! ಮುಂದಿನ ಸಾಲಿನ ಮಕ್ಕಳು ಎದ್ದು ಕುಣಿದೇ ಬಿಟ್ಟವು.

ಮರಿದೇವಪ್ಪ ಪೇಟೆಯಿಂದ ಕಂಪ್ಯೂಟರ್ ರಿಪೇರಿಯವನನ್ನು ಕರೆಸಿದ. ಅವನು ಏನೋ ಒತ್ತಿ, ಏನೋ ಎಳೆದು ಹೇಳಿದ, "ಇನ್ನು ಮೈಕಿಗೆ ದನಿ ಬಿದ್ದರೆ ಕಂಪ್ಯೂಟರ್ ತಾನಾಗಿಯೇ ತಗ್ಗುತ್ತೆ. ಮೈಕ್ ಸುಮ್ಮನಾದರೆ ತಾನಾಗಿಯೇ ಏರುತ್ತೆ. ಇವನು ಮುಟ್ಟದಿದ್ದರೆ ಸಾಕು."

"ಮುಟ್ಟಿದರೆ ಕೈ ಮುರೀತೀನಿ!" ಅಂದ ಮರಿದೇವಪ್ಪ.

ಅವ್ವ ಮಗನ ಕಿವಿ ಹಿಂಡಿದಳು. "ಆ ಪೆಟ್ಟಿಗೆ ನೋಡಿ ಕಲಿಯೋ! ಇನ್ನೊಬ್ಬರು ಬಾಯಿ ತೆರೆದರೆ ಎಷ್ಟು ಮರ್ಯಾದೆಯಿಂದ ತಗ್ಗುತ್ತೆ!"

"ಹಂಗೇ ಆಗಲಿ ಕಣವ್ವ."

ಕಲಿತ. ಮರುದಿನವೇ ಮಂಟಪದ ಉಗ್ರಾಣಕ್ಕೆ ಪಕ್ಕದ ಬೀದಿಯ ಎಮ್ಮೆ ನುಗ್ಗಿತು. ಬೋರಲಿಂಗ ಅಡುಗೆಮನೆಗೆ ಓಡಿದ. ಅಲ್ಲಿ ಸಾರಿಗೆ ಉಪ್ಪು ಹಾಕಿದ್ದು ಯಾರು ಅಂತ ಜೋರು ಜಗಳ. ಮರ್ಯಾದಸ್ಥ ಬೋರಲಿಂಗ ಪಿಸುಗುಟ್ಟಿದ, "ಅವ್ವಾ, ಎಮ್ಮೆ..." ಅವರು ಕೂಗಿದರು, ಇವನು ತಗ್ಗಿದ. ಇನ್ನೂ ಕೂಗಿದರು, ಇನ್ನೂ ತಗ್ಗಿದ. ಜಗಳ ಮುಗಿಯುವ ಹೊತ್ತಿಗೆ ಎಮ್ಮೆ ಎರಡು ಬುಟ್ಟಿ ಲಾಡು ಮುಗಿಸಿ ಬಾಳೆಎಲೆಗೆ ಬಾಯಿ ಹಾಕಿತ್ತು.

"ಥೂ ನಿನ್ನ! ಕಷ್ಟಕಾಲದಲ್ಲಿ ತಗ್ಗಬಾರದು ಕಣೋ! ಮೈಕ್ ಕಿತ್ತುಕೊಂಡಾದರೂ 'ಎಮ್ಮೆ ನುಗ್ಗಿತು' ಅಂತ ಕಿರುಚಬೇಕು!"

"ಹಂಗೇ ಆಗಲಿ ಕಣವ್ವ."

ಮರಿದೇವಪ್ಪ ಬಂದು ಅಂದ, "ಗೌರಮ್ಮ, ನಾಡಿದ್ದು ನನ್ನ ಮಗಳ ಮದುವೆ. ಅವತ್ತೊಂದು ಎಡವಟ್ಟಾದರೆ ನಿನ್ನ ಮಗನಿಗೆ ಈ ಕೆಲಸ ಇಲ್ಲ."

ಮದುವೆ ದಿನ ಅವ್ವ ಸೌಟು ಬಿಟ್ಟು ಬಂದು ಮಗನ ಬೆನ್ನಿಗೇ ನಿಂತಳು. ಗಂಡು ತಾಳಿ ಎತ್ತಿದ. ಪುರೋಹಿತರು ಮೈಕಿನಲ್ಲಿ, "ಗಟ್ಟಿಮೇಳ! ಗಟ್ಟಿಮೇಳ!" ಅಂದರು. ತಾಳಿ ಕಟ್ಟುವಾಗ ಸೀನು, ಜಗಳ, ಕೆಟ್ಟ ಮಾತು ಯಾವುದೂ ಕಿವಿಗೆ ಬೀಳದಿರಲಿ ಅಂತಲ್ಲವೇ ಗಟ್ಟಿಮೇಳ?

ಆದರೆ ಮೈಕಿಗೆ ದನಿ ಬಿತ್ತಲ್ಲ! ಕಂಪ್ಯೂಟರ್ ಮರ್ಯಾದೆಯಿಂದ ತಗ್ಗಿತು.

"ಗಟ್ಟಿಮೇಳ ರೀ! ಗಟ್ಟಿ, ಗಟ್ಟಿ, ಗಟ್ಟಿ!"

ಓಲಗ ಸೊಳ್ಳೆಯ ಗುಂಯ್‌ಗಿಂತ ಸಣ್ಣಗಾಯಿತು. ಪುರೋಹಿತರು ಕೂಗಿದಷ್ಟೂ ಮೇಳ ಇಳಿಯಿತು, ಮೇಳ ಇಳಿದಷ್ಟೂ ಪುರೋಹಿತರು ಕೂಗಿದರು. ಯಾರಿಗೂ ತಲೆಬುಡ ಗೊತ್ತಾಗಲಿಲ್ಲ. ಗಂಡು ತಾಳಿ ಹಿಡಿದೇ ಪುರೋಹಿತರನ್ನು ನೋಡಿದ, ಪುರೋಹಿತರು ಕೂಗು ನಿಲ್ಲಿಸದೆ ಮರಿದೇವಪ್ಪನನ್ನು ನೋಡಿದರು, ಮರಿದೇವಪ್ಪ ಬೋರಲಿಂಗನನ್ನು ನೋಡಿದ. ಬೋರಲಿಂಗ ಅವ್ವನನ್ನು ನೋಡಿದ.

"ಮುಟ್ಟಲಾ ಅವ್ವ?"

"ಮುಟ್ಟಬೇಡ!"

"ಇದು ಕಷ್ಟಕಾಲವಾ ಅವ್ವ?"

"ಇದಕ್ಕಿಂತ ಕಷ್ಟಕಾಲ ಬೇಕೇನೋ!"

ಅಷ್ಟೇ. ಬೋರಲಿಂಗ ವೇದಿಕೆಗೆ ಹಾರಿದ, ಮೈಕ್ ಕಿತ್ತುಕೊಂಡ, ಕಿರುಚಿದ, "ಎಮ್ಮೆ ನುಗ್ಗಿತು!"

ಗಂಡಿನ ತಾಯಿ ಆಗತಾನೇ ಅಕ್ಷತೆ ಹಿಡಿದು ಮೆಟ್ಟಿಲು ಹತ್ತುತ್ತಿದ್ದಳು. ಅಲ್ಲೇ ನಿಂತಳು. "ಯಾರಿಗೋ ಅಂದಿದ್ದು?"

ಮರಿದೇವಪ್ಪ ಮೈಕ್ ಕಸಿದುಕೊಂಡು ಗುಡುಗಿದ, "ಎಲ್ಲೋ ಎಮ್ಮೆ? ಎಮ್ಮೆ ತೋರಿಸು, ಇಲ್ಲಾ ಕೆಲಸ ಬಿಡು!"

ಬೋರಲಿಂಗ ಹೊರಗೋಡಿದ. ಮರಿದೇವಪ್ಪ ಕೈಯಲ್ಲಿ ಮೈಕ್ ಇರುವುದನ್ನೂ ಮರೆತು ಬೀಗಿತ್ತಿಯ ಮುಂದೆ "ತಪ್ಪಾಯ್ತು ತಾಯಿ, ಅವನು ಪೆದ್ದ, ತಾಯಿ" ಅನ್ನುತ್ತಲೇ ಇದ್ದ. ಕಂಪ್ಯೂಟರ್ ತಗ್ಗಿಯೇ ಇತ್ತು.

ಆಗ ಬಾಗಿಲಲ್ಲಿ ಬೋರಲಿಂಗ ಕಂಡ. ಹಿಂದೆ ಹಗ್ಗ. ಹಗ್ಗದ ಹಿಂದೆ ಎಮ್ಮೆ.

ಪುಟ್ಟಗೌರಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಮರಿದೇವಪ್ಪನ ಬಾಯಿ ಕಟ್ಟಿಹೋಯಿತು. ಮೈಕ್ ಸುಮ್ಮನಾಯಿತು.

ಸುಮ್ಮನಾಯಿತಲ್ಲ! ಕಂಪ್ಯೂಟರ್ ತಾನಾಗಿಯೇ ಏರಿತು. ಎಂಥಾ ಗಟ್ಟಿಮೇಳ! ಗೋಡೆ ನಡುಗಿತು! ಮೇಳ ಕೇಳಿದ್ದೇ ಗಂಡು ಹಿಂದೆಮುಂದೆ ನೋಡದೆ ತಾಳಿ ಕಟ್ಟಿಬಿಟ್ಟ. ಬಾಗಿಲ ಕಡೆ ತಿರುಗಿ ನಿಂತಿದ್ದ ಜನ ಗಾಬರಿಯಲ್ಲಿ ಅಕ್ಷತೆಯನ್ನೆಲ್ಲ ಎಮ್ಮೆಯ ಮೇಲೆ ಎರಚಿದರು.

ಬೋರಲಿಂಗ ಹಗ್ಗವನ್ನು ಯಜಮಾನನ ಕೈಗಿಟ್ಟು, ಮೈಕಿಗೆ ಬಾಯಿ ಹಚ್ಚಿದ. ಇಡೀ ಮಂಟಪಕ್ಕೆ ಕೇಳಲಿ ಅಂತ ಕಂಪ್ಯೂಟರ್ ಮರ್ಯಾದೆಯಿಂದ ತಗ್ಗಿತು.

"ತೋರಿಸಿದೆ ಬುದ್ಧೀ. ನಾಳೆ ಎಷ್ಟು ಗಂಟೆಗೆ ಬರಲಿ?"